ಹೊಗೆಯಾಗಿ ಹೋಗುತ್ತಿರುವುದು ಯಾರ ಪಾಲು?

ಮಳೆಗಾಲದ ನಿಷೇಧದ ಅವಧಿ ಮುಗಿಯುತ್ತ ಬಂದಿದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕಡಲಿಗಿಳಿಯಬಾರದೆಂಬ ಕಟ್ಟಳೆಗೆ ಒಳಪಟ್ಟ ಯಾಂತ್ರಿಕ ಬೋಟುಗಳು ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಹೊನ್ನಾವರದಲ್ಲಿ, ತದಡಿಯಲ್ಲಿ, ಕಾರವಾರದಲ್ಲಿ ಸಾಲುಸಾಲಾಗಿ ನಿಂತಿವೆ. ಇನ್ನು ಕೆಲವೇ ದಿನಗಳಲ್ಲಿ ಸಮುದ್ರಪೂಜೆ ನಡೆಯುತ್ತದೆ. ಆಗಸ್ಟ್ 1ರಂದು ಎಂಜಿನುಗಳು ಗುಡುಗುತ್ತವೆ. ಈ ಬಿಡುವಿನಲ್ಲಿ ದಕ್ಕೆಯ ಮೇಲೆ ಕೇಳಿಬರುತ್ತಿರುವ ಮಾತು ಒಂದೇ: “ಹಳೇ ಎಂಜಿನು ಎಣ್ಣೆ ಕುಡಿಯುತ್ತದೆ. ಅದನ್ನು ಕಿತ್ತು ಬಿಸಾಡಿ ದೊಡ್ಡದನ್ನು ಕೂರಿಸು.”

ಈ ಮಾತನ್ನು ಎಂಜಿನು ಮಾರುವವನು ಹೇಳುತ್ತಾನೆ. ಸಾಲ ಕೊಡುವ ಸಾಹುಕಾರ ಹೇಳುತ್ತಾನೆ. ಕಡಲನ್ನು ಕಿಟಕಿಯಿಂದಷ್ಟೇ ಕಂಡ ಅಧಿಕಾರಿಯೂ ಹೇಳುತ್ತಾನೆ. ಮೂವರೂ ಒಂದೇ ಮಾತನ್ನಾಡುವಾಗ ದುಡಿಯುವವನು ತನ್ನ ಕಿಸೆಯನ್ನು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ನಾವು ಈ ಮಾತನ್ನು ಒಪ್ಪುವುದಿಲ್ಲ. ಎಣ್ಣೆ ಕುಡಿಯುವುದು ಹಳೇ ಎಂಜಿನಲ್ಲ. ಎಂಜಿನನ್ನು ಓಡಿಸುವ ರೀತಿ ಮತ್ತು ಹಾಗೆ ಓಡಿಸಲೇಬೇಕೆಂದು ಬಲವಂತಪಡಿಸುವ ವ್ಯಾಪಾರದ ವ್ಯವಸ್ಥೆ.

ಮೊದಲು ಲೆಕ್ಕ ಯಾರದೆಂದು ನೋಡೋಣ. ಅನೇಕ ಬೋಟುಗಳಲ್ಲಿ ಪಾಲಿನ ಪದ್ಧತಿ ಹೀಗಿದೆ: ಮೀನು ಮಾರಿ ಬಂದ ಹಣದಲ್ಲಿ ಡೀಸೆಲ್, ಮಂಜುಗಡ್ಡೆ, ಅಕ್ಕಿ, ಸಾಮಾನುಗಳ ಖರ್ಚನ್ನು ಮೊದಲು ಕಳೆಯುತ್ತಾರೆ. ಉಳಿದದ್ದು ಮಾಲಿಕನಿಗೂ ತಾಂಡೇಲ-ಖಲಾಸಿಗಳಿಗೂ ಹಂಚಿಹೋಗುತ್ತದೆ. ನೂರು ರೂಪಾಯಿಯ ಮೀನಿನಲ್ಲಿ ಅರವತ್ತು ಖರ್ಚಿಗೆ ಹೋಯಿತೆಂದು ಇಟ್ಟುಕೊಳ್ಳಿ. ಪಾಲಿಗೆ ಉಳಿದದ್ದು ನಲವತ್ತು. ಅದೇ ಖರ್ಚು ಐವತ್ತಕ್ಕಿಳಿದರೆ ಪಾಲಿಗೆ ಐವತ್ತು. ಖರ್ಚಿನಲ್ಲಿ ಹತ್ತು ರೂಪಾಯಿ ಉಳಿಯಿತು. ಖಲಾಸಿಯ ಕೂಲಿ ಶೇಕಡ 25ರಷ್ಟು ಏರಿತು! ಒಂದು ಮೀನು ಹೆಚ್ಚಿಗೆ ಹಿಡಿಯಬೇಕಾಗಿಲ್ಲ, ಒಂದು ರಾತ್ರಿ ಹೆಚ್ಚಿಗೆ ಜಾಗರಣೆ ಬೇಕಾಗಿಲ್ಲ. ಹೊಗೆಯ ಕೊಳವೆಯಿಂದ ಕಪ್ಪಗೆ ಹೊರಬೀಳುವುದು ಬರಿಯ ಮಸಿಯಲ್ಲ, ಅವನ ಮನೆಯ ಅಕ್ಕಿ. ಆದರೂ ಎಣ್ಣೆಯ ಲೆಕ್ಕದಲ್ಲಿ ಖಲಾಸಿಯನ್ನು ಕೇಳುವವರಿಲ್ಲ. ಎಷ್ಟು ತುಂಬಿತು, ಎಷ್ಟು ಉರಿಯಿತು, ಯಾವ ದರದಲ್ಲಿ ಬರೆಯಲಾಯಿತು ಎಂಬುದು ಮಾಲಿಕನ ಡೈರಿಯ ಗುಟ್ಟು.

ಇನ್ನು ಎಂಜಿನಿನ ಮಾತಿಗೆ ಬರೋಣ. ಇದೇನೂ ಪಂಡಿತರಿಗೆ ಮೀಸಲಾದ ವಿದ್ಯೆಯಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನ ಯಂತ್ರ 1897ರಲ್ಲಿ ಔಗ್ಸ್‌ಬರ್ಗ್ ಪಟ್ಟಣದಲ್ಲಿ ಪರೀಕ್ಷೆಗೆ ನಿಂತಾಗ ಎಣ್ಣೆಯ ಶಕ್ತಿಯಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಿತು. ಆ ಕಾಲದ ಉಗಿಯಂತ್ರಗಳಿಗೆ ಅದು ಕನಸಿನ ಮಾತಾಗಿತ್ತು. ಇಂದು ನಮ್ಮ ಬೋಟುಗಳಲ್ಲಿರುವ, ಇಪ್ಪತ್ತು ಮೂವತ್ತು ವರ್ಷ ದುಡಿದ ಎಂಜಿನು ಕೂಡ ಸುಸ್ಥಿತಿಯಲ್ಲಿದ್ದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನೇ ಕೆಲಸಕ್ಕೆ ಹಚ್ಚುತ್ತದೆ. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ದುಡಿಸಲು ಅದಕ್ಕೆ ಬೇಕಾದದ್ದು ಸುಮಾರು ಐದರಲ್ಲೊಂದು ಲೀಟರ್ ಎಣ್ಣೆ. ಹೊಸ ಎಂಜಿನಿನಲ್ಲಿ ಇದಕ್ಕಿಂತ ಹತ್ತು, ಬಹಳವಾದರೆ ಹದಿನೈದು ಪಾಲು ಕಡಿಮೆಯಾದೀತು, ಇಲ್ಲವೆನ್ನುವುದಿಲ್ಲ. ಆದರೆ ಕೈಯಲ್ಲಿರುವ ಎಂಜಿನಿನಲ್ಲಿಯೇ, ಒಂದು ಕಾಸಿನ ಸಾಲ ಮಾಡದೆ, ಅದಕ್ಕಿಂತ ದೊಡ್ಡ ಉಳಿತಾಯ ಕುಳಿತಿದೆ.

ನೀರಿನಲ್ಲಿ ತಿರುಗುವ ಫ್ಯಾನಿನ ನಿಯಮ ರಸ್ತೆಯ ಲಾರಿಯ ನಿಯಮವಲ್ಲ. ಫ್ಯಾನಿನ ತಿರುಗುವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎರಡು ಪಟ್ಟಾದರೆ ಸಾಲದು, ಸುಮಾರು ಎಂಟು ಪಟ್ಟಾಗಬೇಕು. ವೇಗದ ಘನದಂತೆ ಶಕ್ತಿ ಏರುತ್ತದೆ ಎಂದು ಪುಸ್ತಕದವರು ಹೇಳುವುದು ಇದನ್ನೇ. ಆದುದರಿಂದ ಪೂರ್ತಿ ರೇಸಿನಿಂದ ಹತ್ತನೇ ಒಂದು ಪಾಲನ್ನು ಇಳಿಸಿದರೆ ಶಕ್ತಿಯ ಬೇಡಿಕೆ ಹತ್ತನೇ ಒಂದರಷ್ಟಲ್ಲ, ಕಾಲು ಪಾಲಿಗೂ ಮಿಕ್ಕಿ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. 1800 ತಿರುಗಿನಲ್ಲಿ 120 ಅಶ್ವಶಕ್ತಿ ಕೊಟ್ಟು ಗಂಟೆಗೆ 9 ನಾಟಿಕಲ್ ಮೈಲಿ ಓಡುವ ಒಂದು ಬೋಟು. ಗಂಟೆಗೆ 24 ಲೀಟರ್ ಉರಿಯುತ್ತದೆ. 36 ಮೈಲಿ ದೂರದ ಮೀನಿನ ಜಾಗಕ್ಕೆ 4 ಗಂಟೆ. ಎಣ್ಣೆ 96 ಲೀಟರ್. ಅದೇ ಬೋಟನ್ನು 1600 ತಿರುಗಿನಲ್ಲಿ ಓಡಿಸಿರಿ. ವೇಗ ಸುಮಾರು 8 ಮೈಲಿಗಿಳಿಯುತ್ತದೆ, ಶಕ್ತಿ 84ಕ್ಕಿಳಿಯುತ್ತದೆ, ಗಂಟೆಗೆ 17 ಲೀಟರ್ ಸಾಕು. ದಾರಿ ಕಳೆಯಲು ನಾಲ್ಕೂವರೆ ಗಂಟೆ. ಎಣ್ಣೆ 76 ಲೀಟರ್. ಅರ್ಧ ಗಂಟೆ ತಡವಾಯಿತು, ಇಪ್ಪತ್ತು ಲೀಟರ್ ಉಳಿಯಿತು. ಹೋಗಿಬರುವ ದಾರಿಗೆ ನಲವತ್ತು ಲೀಟರ್. ಇದನ್ನು ತಿಂಗಳ ಟ್ರಿಪ್ಪುಗಳಿಂದ ಗುಣಿಸಿ, ಬಂದರಿನ ಬೋಟುಗಳಿಂದ ಗುಣಿಸಿ ನೋಡಿರಿ. ಯಾವ ಹೊಸ ಎಂಜಿನು ಇಷ್ಟನ್ನು ಕೊಟ್ಟೀತು?

“ಹಾಗಾದರೆ ದೊಡ್ಡ ಎಂಜಿನಿನಿಂದ ವೇಗ ಬರುವುದಿಲ್ಲವೆ?” ಎಂದು ಮಾರಾಟಗಾರರು ಕೇಳಿಯಾರು. ಬರುತ್ತದೆ; ಕೊಟ್ಟ ಹಣಕ್ಕೆ ತಕ್ಕಷ್ಟು ಬರುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನೂರು ಚಿಲ್ಲರೆ ಅಶ್ವಶಕ್ತಿಯ ಎಂಜಿನುಗಳನ್ನು ತೆಗೆದು 300, 400ರ ಎಂಜಿನುಗಳನ್ನು ಕೂರಿಸುವ ಪೈಪೋಟಿ ನಮ್ಮ ಕರಾವಳಿಯಲ್ಲಿ ನಡೆದಿದೆ. ಆದರೆ ನೀರನ್ನು ಸೀಳಿಕೊಂಡು ಹೋಗುವ ಭಾರದ ಬೋಟಿಗೆ ಅದರ ಉದ್ದವೇ ಒಂದು ಗಡಿಯನ್ನು ಹಾಕಿದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಗಡಿ ಸಿಗುತ್ತದೆ. 49 ಅಡಿಯ ಬೋಟಿಗೆ ಅದು ಒಂಬತ್ತೂವರೆ ಮೈಲಿಗೆ ತುಸು ಕಡಿಮೆ. ಆ ಗಡಿ ಮುಟ್ಟಿದ ಮೇಲೆ ಬೋಟು ತಾನೇ ಎಬ್ಬಿಸಿದ ಅಲೆಯ ಬೆನ್ನನ್ನು ಹತ್ತಲು ಹೆಣಗುತ್ತದೆ. ಎಣ್ಣೆಯೆಲ್ಲ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ. ಎರಡು ಪಟ್ಟು ಶಕ್ತಿಗೆ ನಾಲ್ಕನೇ ಒಂದು ಪಾಲಿನ ವೇಗವೂ ಹೆಚ್ಚುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಕಡಲಿನಲ್ಲಿಯೂ ನಿಜ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಗೆ ನಾವು ಉತ್ತರ ಕೊಡಬೇಕು. “ಓಡುವ ದಾರಿಯ ಲೆಕ್ಕ ಸರಿ, ಬಲೆ ಎಳೆಯುವಾಗ ಏನು ಮಾಡೋಣ?” ಎಂದು ತಾಂಡೇಲ ಕೇಳುತ್ತಾನೆ. ಟ್ರಾಲ್ ಬಲೆ ನೀರಿಗೆ ಬಿದ್ದ ಮೇಲೆ ಬೋಟಿನ ವೇಗ ಮೂರು ಮೈಲಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಬೇಕಾದದ್ದು ಓಟವಲ್ಲ, ಎಳೆತ. ಅದೇ ಫ್ಯಾನು ಅದೇ ತಿರುಗಿನಲ್ಲಿ ಈಗ ಹೆಚ್ಚು ಭಾರವಾಗುತ್ತದೆ. ನಿಜ. ಎಳೆತಕ್ಕೆ ಶಕ್ತಿ ಬೇಕು, ಅದನ್ನು ಉಳಿತಾಯದ ಹೆಸರಿನಲ್ಲಿ ಕಸಿಯಿರೆಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟೇ: ಎಂಜಿನು ಕೊಡುವ ಶಕ್ತಿ ಬಲೆಯ ಹಗ್ಗಕ್ಕೆ ಮುಟ್ಟುತ್ತಿದೆಯೆ, ಅಥವಾ ನಡುದಾರಿಯಲ್ಲಿ ಸೋರಿಹೋಗುತ್ತಿದೆಯೆ?

ಇದಕ್ಕೆ ಪರೀಕ್ಷೆ ಸುಲಭ. ಬಲೆ ಎಳೆಯುತ್ತಿರುವಾಗ ಪೂರ್ತಿ ರೇಸ್ ಕೊಟ್ಟು ನೋಡಿರಿ. ಎಂಜಿನು ತನ್ನ ತಗಡಿನ ಮೇಲೆ ಬರೆದ ತಿರುಗಿನ ಹತ್ತಿರಕ್ಕೆ ಬಂದರೆ ಸರಿ. ಅಷ್ಟಕ್ಕೆ ಏರಲಾರದೆ ಏದುಸಿರು ಬಿಡುತ್ತ ಕರಿಹೊಗೆ ಉಗುಳಿದರೆ ಎಂಜಿನಿಗೆ ಫ್ಯಾನು ಭಾರವಾಗಿದೆ ಎಂದರ್ಥ. ಅದರ ಎಲೆಯ ಓರೆ ಹೆಚ್ಚಾಗಿರಬಹುದು, ಅಗಲ ಹೆಚ್ಚಾಗಿರಬಹುದು. ಗಾಳಿ ಸಾಲದ ಸಿಲಿಂಡರಿಗೆ ಎಣ್ಣೆ ಸುರಿದರೆ ಅದು ಶಕ್ತಿಯಾಗುವುದಿಲ್ಲ, ಮಸಿಯಾಗುತ್ತದೆ. ಪಿಸ್ಟನ್, ವಾಲ್ವು ಸುಡುತ್ತವೆ. ಆಗ ಎಲ್ಲರೂ “ಎಂಜಿನು ಮುದಿಯಾಯಿತು” ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಡೊಂಕಾಗಿರುವುದು ಫ್ಯಾನು. ಪಕ್ಕದ ಬೋಟಿಗೆ ಇದೇ ಅಳತೆ ಹಾಕಿದ್ದಾರೆಂದು ನೋಡಿಕೊಂಡು ತಂದದ್ದು, ಕಲ್ಲಿಗೆ ಬಡಿದು ಎಲೆ ಮಡಚಿದ್ದು, ವರ್ಷಗಟ್ಟಲೆ ಚಿಪ್ಪು ಅಂಟಿ ಒರಟಾದದ್ದು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೆ ಎಳೆತ ಹೆಚ್ಚು, ಸಣ್ಣದು ಬಿರುಸಾಗಿ ತಿರುಗಿದರೆ ನೀರು ಕಡೆಯುವುದೇ ಹೆಚ್ಚು. ಇದಕ್ಕೆ ತಕ್ಕ ಗೇರ್ ಪೆಟ್ಟಿಗೆಯನ್ನು ಆರಿಸಿಕೊಡುವವರು ಬೇಕು. ನೂರು ಅಶ್ವಶಕ್ತಿ ಹೆಚ್ಚಿಗೆ ಕೊಳ್ಳುವುದಕ್ಕಿಂತ ಇದಕ್ಕೆ ಆಗುವ ಖರ್ಚು ಎಷ್ಟೋ ಕಡಿಮೆ.

ಹೊಗೆಯ ಭಾಷೆಯನ್ನು ಓದಲು ನಮ್ಮ ಖಲಾಸಿಗಳಿಗೆ ಡಿಗ್ರಿ ಬೇಕಾಗಿಲ್ಲ. ಕರಿಹೊಗೆ ಬಂದರೆ ಹೊರೆ ಹೆಚ್ಚು, ಇಲ್ಲವೆ ಗಾಳಿ ಕಡಿಮೆ, ಇಲ್ಲವೆ ನೋಝಲ್ ಎಣ್ಣೆಯನ್ನು ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತಿದೆ. ನೀಲಿ ಹೊಗೆ ಬಂದರೆ ಉರಿಯುತ್ತಿರುವುದು ಎಂಜಿನ್ ಆಯಿಲ್, ರಿಂಗು ಸವೆದಿದೆ. ಬಿಳಿಹೊಗೆ ಬಂದರೆ ಎಣ್ಣೆ ಉರಿಯದೆ ಹೋಗುತ್ತಿದೆ, ಅಥವಾ ಎಲ್ಲಿಂದಲೋ ನೀರು ನುಗ್ಗಿದೆ. ಹಳೇ ಎಂಜಿನಿನ ದೊಡ್ಡ ಗುಣವೆಂದರೆ ಅದು ತನ್ನ ರೋಗವನ್ನು ಹೀಗೆ ಬಾಯಿಬಿಟ್ಟು ಹೇಳುತ್ತದೆ, ಬಂದರಿನ ಮೆಕ್ಯಾನಿಕನ ಕೈಗೆ ವಾಸಿಯಾಗುತ್ತದೆ. ಹೊಸ ತರದ ಎಂಜಿನಿನ ಹೊಟ್ಟೆಯೊಳಗೆ ಎಲೆಕ್ಟ್ರಾನಿಕ್ ಮಿದುಳು. ಅದು ಮುನಿಸಿಕೊಂಡರೆ ಕಂಪನಿಯ ಮನುಷ್ಯ ಕಂಪ್ಯೂಟರ್ ಹಿಡಿದುಕೊಂಡು ಬರುವ ತನಕ ಬೋಟು ದಕ್ಕೆಯಲ್ಲಿ ಬಿದ್ದಿರಬೇಕು. ಬೋಟು ನಿಂತರೂ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ನಿಧಾನವೊಂದೇ ಮಂತ್ರವೆಂದು ಹೇಳುವವರ ಸಾಲಿಗೂ ನಾವು ಸೇರಿದವರಲ್ಲ. ಹಳೇ ಎಂಜಿನನ್ನು ತೀರ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಗುರುಗುಟ್ಟಿಸಿದರೂ ಕೇಡೇ. ಸಿಲಿಂಡರು ಸರಿಯಾಗಿ ಕಾಯುವುದಿಲ್ಲ, ಎಣ್ಣೆ ಪೂರ್ತಿ ಉರಿಯುವುದಿಲ್ಲ, ನೋಝಲಿನ ತುದಿಗೂ ರಿಂಗುಗಳಿಗೂ ಮಸಿ ಕಟ್ಟುತ್ತದೆ, ಲೈನರಿನ ಒಳಮೈ ಗಾಜಿನಂತೆ ನುಣುಪಾಗಿ ಆಯಿಲ್ ಹಿಡಿಯುವುದಿಲ್ಲ. ಇದ್ದ ಶಕ್ತಿಯ ಅರ್ಧದಿಂದ ಮುಕ್ಕಾಲು ಪಾಲಿನ ತನಕ ದುಡಿಸುವುದು ಎಂಜಿನಿಗೂ ಹಿತ, ಎಣ್ಣೆಗೂ ಹಿತ. ತುಂಬ ಹೊತ್ತು ನಿಧಾನವಾಗಿ ಓಡಿಸಿದ್ದರೆ ಆಗಾಗ ಸ್ವಲ್ಪ ಹೊತ್ತು ಹೊರೆ ಏರಿಸಿ ಮಸಿ ಕಳೆಯಬೇಕು. ಉಳಿದ ಕಾಲು ಪಾಲು ಯಾತಕ್ಕೆ? ಗಾಳಿಮಳೆಗೆ, ಹಠಾತ್ತನೆ ಎದ್ದ ತೂಫಾನಿಗೆ, ಕೆಟ್ಟುನಿಂತ ಪಕ್ಕದ ಬೋಟನ್ನು ಎಳೆದು ತರುವುದಕ್ಕೆ. ಪ್ರತಿದಿನವೂ ಪೂರ್ತಿ ರೇಸಿನಲ್ಲಿ ಓಡಿಸಿ ಎಂಜಿನನ್ನು ಹಿಂಡಿದವನಿಗೆ ಆಪತ್ಕಾಲದಲ್ಲಿ ಉಳಿಯುವುದು ದೇವರ ಹೆಸರೊಂದೇ.

ಇಷ್ಟೆಲ್ಲ ಗೊತ್ತಿದ್ದೂ ತಾಂಡೇಲ ಏಕೆ ರೇಸ್ ತಗ್ಗಿಸುವುದಿಲ್ಲ? ಅವನಿಗೆ ಬುದ್ಧಿಯಿಲ್ಲವೆಂದೆ? ಕಚೇರಿಯ ಮಹನೀಯರು ಹಾಗೆಯೇ ಭಾವಿಸುತ್ತಾರೆ. “ಮೀನುಗಾರರಲ್ಲಿ ಜಾಗೃತಿ ಮೂಡಿಸಬೇಕು” ಎಂಬ ಅವರ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಸ್ವಾಮಿ, ಜಾಗೃತಿ ಅವನಿಗೆ ನಿಮಗಿಂತ ಹೆಚ್ಚಿದೆ! ಏಲಂ ಕೂಗುವ ಹೊತ್ತಿಗೆ ದಕ್ಕೆಗೆ ಮೊದಲು ಮುಟ್ಟಿದವನ ಮೀನಿಗೆ ಒಂದು ದರ, ಅರ್ಧ ಗಂಟೆ ತಡವಾಗಿ ಬಂದವನ ಅದೇ ಮೀನಿಗೆ ಇನ್ನೊಂದು ದರ. ಇಪ್ಪತ್ತು ಲೀಟರ್ ಉಳಿಸಲು ಹೋದವನು ಏಲಂನಲ್ಲಿ ಅದರ ಎರಡರಷ್ಟನ್ನು ಕಳೆದುಕೊಂಡರೆ ಯಾವ ಬುದ್ಧಿವಂತ ನಿಧಾನವಾಗಿ ಬಂದಾನು? ಒಬ್ಬನೇ ರೇಸ್ ತಗ್ಗಿಸಿದರೆ ಅವನಿಗೆ ನಷ್ಟ. ಎಲ್ಲರೂ ತಗ್ಗಿಸಿದರೆ ಯಾರಿಗೂ ನಷ್ಟವಿಲ್ಲ: ಅದೇ ಬೋಟುಗಳು, ಅದೇ ಸಾಲು, ಅದೇ ಮೀನು, ಅರ್ಧ ಗಂಟೆ ತಡ. ಲಾಭ ಕಡಿಮೆಯಾಗುವುದು ಎಣ್ಣೆ ಮಾರುವವನಿಗೆ ಮಾತ್ರ. ಅಂದರೆ ಇದು ಒಬ್ಬೊಬ್ಬನ ಒಳ್ಳೆಯತನದ ಪ್ರಶ್ನೆಯೇ ಅಲ್ಲ, ಒಟ್ಟಾಗಿ ಮಾಡಿಕೊಳ್ಳಬೇಕಾದ ಕಟ್ಟುಪಾಡಿನ ಪ್ರಶ್ನೆ. ಪೈಪೋಟಿಯನ್ನು ದೇವರೆಂದು ಪೂಜಿಸುವವರು ಈ ಪ್ರಶ್ನೆಗೆ ಎಂದೂ ಉತ್ತರ ಹೇಳಲಾರರು.

ನಿಧಾನವೆಂದರೆ ಬಡತನದ ಲಕ್ಷಣವೆಂದು ಮೂಗು ಮುರಿಯುವವರಿಗೆ ಇನ್ನೊಂದು ಸಂಗತಿ ಹೇಳುತ್ತೇವೆ. 1973ರಲ್ಲಿ ಎಣ್ಣೆಯ ಬೆಲೆ ಮುಗಿಲಿಗೇರಿದಾಗ ಲೋಕದ ದೊಡ್ಡ ದೊಡ್ಡ ಹಡಗು ಕಂಪನಿಗಳು ತಮ್ಮ ಹಡಗುಗಳ ವೇಗವನ್ನು ಇಳಿಸಿದವು. 2008ರ ಆಚೀಚೆ ಮತ್ತೆ ಅದೇ ನಡೆಯಿತು. ಗಂಟೆಗೆ 24-25 ಮೈಲಿ ಓಡಲೆಂದು ಕಟ್ಟಿದ ಕಂಟೇನರ್ ಹಡಗುಗಳು 20ಕ್ಕೂ ಕೆಳಗಿಳಿದವು. 2023ರ ಜನವರಿ 1ರಿಂದ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಹೊಸ ನಿಯಮ ಹಳೆಯ ಹಡಗುಗಳಿಗೂ ಅನ್ವಯವಾಗುತ್ತಿದೆ. ಅದನ್ನು ಪಾಲಿಸಲು ಅನೇಕ ಹಡಗುಗಳು ಎಂಜಿನನ್ನು ಕಿತ್ತೊಗೆಯಲಿಲ್ಲ. ಎಣ್ಣೆ ಬಿಡುವ ಸಲಾಕೆಗೆ ಒಂದು ತಡೆ ಹಾಕಿ ಮುದ್ರೆ ಒತ್ತಿದವು, ಆಪತ್ತಿನಲ್ಲಿ ಮಾತ್ರ ತೆಗೆಯಬಹುದೆಂದು. ಕೋಟ್ಯಾಧೀಶರ ಹಳೇ ಎಂಜಿನು ರೇಸ್ ತಗ್ಗಿಸಿದರೆ ಅದು ವಿಜ್ಞಾನ; ನಮ್ಮ ಖಲಾಸಿಯ ಹಳೇ ಎಂಜಿನು ಮಾತ್ರ ಗುಜರಿಗೆ ಹೋಗಬೇಕೆ? ಇದು ಯಾವ ನ್ಯಾಯ?

ಇನ್ನು ಸರಕಾರದ ಮಾತು. ಮೀನುಗಾರರ ಡೀಸೆಲಿಗೆ ಮಾರಾಟ ತೆರಿಗೆಯ ರಿಯಾಯಿತಿ ಕೊಡುತ್ತಿರುವುದು ಸರಿಯಾದ ಕೆಲಸ. ಅದನ್ನು ತೆಗೆಯಬೇಕೆನ್ನುವವರನ್ನು ನಾವು ಬಂದರಿನಲ್ಲಿ ಕಾಲಿಡಗೊಡುವುದಿಲ್ಲ. 2023ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಇದರ ವಾರ್ಷಿಕ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸುವುದಾಗಿ ಘೋಷಿಸಲಾಯಿತು. ಎರಡು ಲಕ್ಷ ಕಿಲೋಲೀಟರ್ ಎಂದರೆ 20 ಕೋಟಿ ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಉಳಿದರೂ 2 ಕೋಟಿ ಲೀಟರ್. ಆದರೆ ರಿಯಾಯಿತಿ ಇರುವುದು ಉರಿಸಿದ ಲೀಟರಿಗೆ. ಮಿತಿಯೊಳಗೆ ಹೆಚ್ಚು ಉರಿಸಿದವನಿಗೆ ಹೆಚ್ಚು, ಉಳಿಸಿದವನಿಗೆ ಕಡಿಮೆ. ಎಣ್ಣೆ ಕೊಡಲು ಹಣವಿದೆ. ಆ ಎಣ್ಣೆ ಸರಿಯಾಗಿ ಉರಿಯುತ್ತಿದೆಯೆ ಎಂದು ನೋಡುವ ಒಂದು ನೋಝಲ್ ಪರೀಕ್ಷೆಯ ಯಂತ್ರವನ್ನು ಪ್ರತಿಯೊಂದು ಬಂದರಿನಲ್ಲಿಯೂ ಇಡಲು ಹಣವಿಲ್ಲವೆ? ತೂತು ಕೊಡಕ್ಕೆ ನೀರು ತುಂಬುವುದನ್ನೇ ಆಡಳಿತವೆಂದು ಕರೆಯುವುದಾದರೆ ನಮ್ಮ ತಕರಾರಿದೆ.

ಟೀಕೆ ಮಾಡುವುದು ಸುಲಭ, ಮಾಡಬೇಕಾದದ್ದೇನು ಎಂದು ಕೇಳುವವರಿಗೆ ನಮ್ಮ ಬೇಡಿಕೆಗಳು ಇವು.

ಒಂದು: ದೊಡ್ಡ ಬಂದರುಗಳಲ್ಲೆಲ್ಲ ಮೀನುಗಾರರ ಸಹಕಾರಿ ಸಂಘದ ಕೈಯಲ್ಲಿ ಒಂದೊಂದು ವರ್ಕ್‌ಶಾಪು. ನಿಷೇಧದ 61 ದಿನಗಳಲ್ಲಿ ಪ್ರತಿ ಬೋಟಿನ ನೋಝಲ್, ಪಂಪು, ವಾಲ್ವಿನ ಸಂದು, ಗಾಳಿಯ ಜಾಳಿಗೆ, ಫ್ಯಾನು ಇವನ್ನು ಅಸಲು ಖರ್ಚಿನಲ್ಲಿ ಪರೀಕ್ಷಿಸಬೇಕು. ತೆರಿಗೆ ರಿಯಾಯಿತಿಗೆ ಹೋಗುವ ಹಣದ ಒಂದು ಸಣ್ಣ ಪಾಲು ಇದಕ್ಕೆ ಸಾಕು.

ಎರಡು: ಪ್ರತಿ ಬೋಟಿನಲ್ಲಿ ತಿರುಗು ತೋರಿಸುವ ಮೀಟರು, ಹೊಗೆಕೊಳವೆಯ ಬಿಸಿ ತೋರಿಸುವ ಮೀಟರು, ಎಣ್ಣೆ ಅಳೆಯುವ ಗುರುತಿನ ಕಡ್ಡಿ ಮತ್ತು ಒಂದು ಪುಸ್ತಕ. ಆ ಪುಸ್ತಕ ಖಲಾಸಿಗಳೆಲ್ಲರ ಕಣ್ಣಿಗೆ ತೆರೆದಿರಬೇಕು. ಪಾಲಿನಿಂದ ಕಳೆಯುವ ಎಣ್ಣೆಯ ಲೆಕ್ಕವನ್ನು ನೋಡುವುದು ಅವರ ಹಕ್ಕು, ಮಾಲಿಕನ ಉಪಕಾರವಲ್ಲ.

ಮೂರು: ಬಂದರು ಮುಟ್ಟುವ ಮತ್ತು ಏಲಂ ಕೂಗುವ ಹೊತ್ತಿನ ಬಗ್ಗೆ ಬೋಟು ಸಂಘಗಳ ಒಟ್ಟು ಒಪ್ಪಂದ. ಸರದಿ ಚೀಟಿಯ ಪ್ರಕಾರ ಮೀನು ಇಳಿಯಲಿ. ಮೊದಲು ಬಂದವನಿಗೇ ದರವೆಂಬ ಹುಚ್ಚು ಓಟ ನಿಂತ ದಿನ ರೇಸ್ ತಾನಾಗಿಯೇ ತಗ್ಗುತ್ತದೆ.

ನಾಲ್ಕು: ಉಳಿದ ಎಣ್ಣೆಯ ಹಣ ಪಾಲಿನಲ್ಲಿ ಕಾಣಿಸಬೇಕು. ರೇಸ್ ತಗ್ಗಿಸಿದ್ದರಿಂದ ಅರ್ಧ ಗಂಟೆ ಹೆಚ್ಚಿಗೆ ಕಡಲಿನಲ್ಲಿ ಇರುವವರು ಖಲಾಸಿಗಳು. ಉಳಿತಾಯವೆಲ್ಲ ಮಾಲಿಕನ ಪೆಟ್ಟಿಗೆ ಸೇರಿದರೆ ಇದೂ ಇನ್ನೊಂದು ಬಗೆಯ ಸುಲಿಗೆಯಾದೀತು.

ಐದು: ಎಂಜಿನು ನಿಜವಾಗಿಯೂ ಸವೆದುಹೋದಲ್ಲಿ, ಸವೆದ ಎಂಜಿನೂ ಇರುತ್ತದೆಂಬುದನ್ನು ನಾವು ಮುಚ್ಚಿಡುವುದಿಲ್ಲ, ಬದಲಾಯಿಸಲು ಸರಕಾರ ಅಗ್ಗದ ಸಾಲ ಕೊಡಲಿ. ಆದರೆ ಅದೇ ಅಶ್ವಶಕ್ತಿಯ ಎಂಜಿನಿಗೆ ಮಾತ್ರ. ಪೈಪೋಟಿಯ ಬೆಂಕಿಗೆ ಸಾರ್ವಜನಿಕರ ಹಣದ ತುಪ್ಪ ಸುರಿಯಬಾರದು.

ಐದರಲ್ಲಿ ಎರಡನ್ನು ಸರಕಾರ ಮಾಡಬೇಕು. ಉಳಿದ ಮೂರನ್ನು ನಾವೇ, ನಮ್ಮ ಸಂಘಗಳಲ್ಲಿಯೇ, ಈ ವಾರವೇ ಮಾಡಬಹುದು. ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ದೋಣಿಯಲ್ಲಿ ಹತ್ತು ಜನ ಹತ್ತು ಕಡೆಗೆ ಹುಟ್ಟು ಹಾಕಿದರೆ ದೋಣಿ ನಿಂತಲ್ಲೇ ಸುತ್ತುತ್ತದೆಂದು ಕರಾವಳಿಯ ಮಗುವಿಗೂ ಗೊತ್ತು. ನೂರು ಬೋಟುಗಳು ನೂರು ರೇಸಿನಲ್ಲಿ ಓಡುವುದೂ ಅದೇ ಕಥೆ.

ಆಗಸ್ಟ್ 1ರ ಮುಂಜಾನೆ ಅಳಿವೆಯ ಬಾಯಲ್ಲಿ ನಿಂತು ನೋಡಿರಿ. ಹೊರಟ ಬೋಟುಗಳ ಮೇಲೆ ಕರಿಹೊಗೆ ಎದ್ದರೆ, ಖಲಾಸಿ ಬಂಧುಗಳೆ, ಅದು ಎಂಜಿನಿನ ಮುಪ್ಪಲ್ಲ, ನಿಮ್ಮ ಪಾಲು. ಸಂಜೆ ಮರಳಿ ಬಂದಾಗ ಮೊದಲು ಎಣ್ಣೆಯ ಪುಸ್ತಕವನ್ನು ಕೇಳಿರಿ. ಕೊಡುವುದಿಲ್ಲವೆಂದರೆ ಎಲ್ಲರೂ ಸೇರಿ ಕೇಳಿರಿ.